ಕವರ್ ಎಲ್ಲಿ ಹಾಕಿದೆ?



ಕ್ರೀಡಾಕೂಟಕ್ಕೆ ಹೋಗುವ ಮಕ್ಕಳ ಅರ್ಜಿಯಲ್ಲಿ ಭಾವಚಿತ್ರ ಅಂಟಿಸಿದ ಮೇಲೆ ನಿಮ್ಮ ಮುಖ್ಯೋಪಾಧ್ಯಾಯರು ಮೊಹರು ಹಾಕುವುದನ್ನು ನೋಡಿದ್ದೀರಲ್ಲವೇ? ಅವರು ಮೊಹರನ್ನು ಪೂರ್ತಿ ಭಾವಚಿತ್ರದ ಮೇಲೆ ಹಾಕುವುದಿಲ್ಲ, ಪೂರ್ತಿ ಕಾಗದದ ಮೇಲೂ ಹಾಕುವುದಿಲ್ಲ. ಅರ್ಧ ಇತ್ತ, ಅರ್ಧ ಅತ್ತ ಬೀಳುವಂತೆ ಹಾಕುತ್ತಾರೆ. ಏಕೆ? ಯಾರಾದರೂ ಆ ಭಾವಚಿತ್ರ ಕಿತ್ತು ಬೇರೆಯವರದನ್ನು ಅಂಟಿಸಿದರೆ ಮೊಹರಿನ ಎರಡು ಅರ್ಧಗಳು ಕೂಡುವುದಿಲ್ಲ, ಮೋಸ ಕೂಡಲೇ ಗೊತ್ತಾಗುತ್ತದೆ.

ಅಂಚೆ ಕಚೇರಿಯವರು ಪತ್ರದ ಮೇಲೆ ಹಾಕುವ ಮೊಹರಿನಲ್ಲೂ ಇದೇ ಗುಣವಿದೆ. ಚೀಟಿಯನ್ನು ಎರಡನೇ ಸಲ ಬಳಸಬಾರದು ಎಂಬುದು ಅದರ ಮೊದಲ ಉದ್ದೇಶ. ಆದರೆ ಮೊಹರಿನ ಶಾಯಿ ಚೀಟಿಯಿಂದ ಲಕೋಟೆಯ ಮೇಲೂ ಹರಿಯುವುದರಿಂದ ಚೀಟಿ, ಲಕೋಟೆ, ಊರು, ದಿನಾಂಕ ಈ ನಾಲ್ಕೂ ಒಂದಕ್ಕೊಂದು ಕಟ್ಟಿಹಾಕಿದಂತೆ ಆಗುತ್ತವೆ. ಈ ಗಂಟನ್ನು ಬಿಚ್ಚಿದರೆ ಏನಾಗುತ್ತದೆ ಎಂಬುದನ್ನು ನಾನು ಏಳನೇ ತರಗತಿಯಲ್ಲಿ ಕಲಿತೆ. ಪಾಠದಿಂದಲ್ಲ, ತಪ್ಪಿನಿಂದ.

ಒಂದು ಬೋಗುಣಿ ಬಿಸಿನೀರು

1993ರ ಬೇಸಿಗೆ ರಜೆ. ಆಗ ನಾವು ಜಯನಗರದಲ್ಲಿದ್ದೆವು. ತರಗತಿಯ ಗೆಳತಿಯರೆಲ್ಲ ಅಂಚೆಚೀಟಿ ಸಂಗ್ರಹಿಸುತ್ತಿದ್ದರು. ನನಗೂ ಹುಚ್ಚು ಹಿಡಿದಿತ್ತು. ತಾತನ ಟ್ರಂಕಿನಲ್ಲಿ ಹಳೆಯ ಲಕೋಟೆಯೊಂದು ಸಿಕ್ಕಿತು. ಅದರ ಮೇಲೆ ಗಾಂಧೀಜಿಯವರ ಮೂರು ಚೀಟಿಗಳು ಸಾಲಾಗಿ ಇದ್ದವು. ಒಂದು ಕಂದು ಬಣ್ಣದ್ದು, ಒಂದು ನೇರಳೆ, ಒಂದು ಹಸಿರು. ಚೀಟಿ ಬಿಡಿಸುವ ವಿಧಾನ ನನಗೆ ಗೊತ್ತಿತ್ತು. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಲಕೋಟೆಯ ಮೂಲೆಯನ್ನು ಕತ್ತರಿಸಿ ಮುಳುಗಿಸಿದೆ. ಹತ್ತು ನಿಮಿಷದಲ್ಲಿ ಮೂರೂ ಚೀಟಿ ತೇಲಿಬಂದವು. ಉಳಿದ ಕಾಗದ ಹಂಡೆಯ ಒಲೆಗೆ ಹೋಯಿತು.

ಸಂಜೆ ತಾತನಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಬಯ್ಯಲಿಲ್ಲ. ಚೀಟಿಗಳನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, "ಕವರ್ ಎಲ್ಲಿ ಹಾಕಿದೆ ಪುಟ್ಟೀ?" ಎಂದು ಕೇಳಿದರು. ನಾನು ಒಲೆಯ ಕಡೆ ಕೈ ತೋರಿಸಿದೆ. ಅವರು ಮತ್ತೇನೂ ಹೇಳಲಿಲ್ಲ. ಆ ಲಕೋಟೆಯನ್ನು ಅವರು ತಮ್ಮ ವಿಳಾಸಕ್ಕೆ ತಾವೇ ಬರೆದು ಅಂಚೆಗೆ ಹಾಕಿದ್ದರಂತೆ. ಅದನ್ನು ಅಮ್ಮ ಆಮೇಲೆ ಹೇಳಿದರು. ಯಾವ ಊರಿನಿಂದ, ಯಾವ ವರ್ಷ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಎರಡು ವರ್ಷದ ನಂತರ ತಾತ ತೀರಿಕೊಂಡರು.

ಮೊದಲ ದಿನದ ಲಕೋಟೆ ಎಂದರೇನು?

ಹೊಸ ಅಂಚೆಚೀಟಿಯನ್ನು ಒಂದು ನಿಗದಿತ ದಿನ ಬಿಡುಗಡೆ ಮಾಡುತ್ತಾರೆ. ಆ ಚೀಟಿಯನ್ನು ಲಕೋಟೆಗೆ ಅಂಟಿಸಿ, ಅದೇ ದಿನದ ಮೊಹರು ಹಾಕಿಸಿದರೆ ಅದು 'ಪ್ರಥಮ ದಿನದ ಲಕೋಟೆ'. ಈಗ ಅಂಚೆ ಇಲಾಖೆಯೇ ಚಿತ್ರ ಮುದ್ರಿಸಿದ ಚಂದದ ಲಕೋಟೆಗಳನ್ನು ಮಾರುತ್ತದೆ. ಆದರೆ ಚಿತ್ರ ಇರಲೇಬೇಕೆಂದಿಲ್ಲ. ಅಂಗಡಿಯ ಸಾಮಾನ್ಯ ಲಕೋಟೆಯಾದರೂ ಮೊಹರಿನ ದಿನಾಂಕ ಸರಿಯಿದ್ದರೆ ಸಾಕು.

ಅಪರೂಪ ಎನ್ನುವುದು ಇಲ್ಲಿ ಹೇಗೆ ಹುಟ್ಟುತ್ತದೆ ನೋಡಿ. ಜಗತ್ತಿನ ಮೊಟ್ಟಮೊದಲ ಅಂಟು ಅಂಚೆಚೀಟಿ ಬ್ರಿಟನ್ನಿನ 'ಪೆನ್ನಿ ಬ್ಲ್ಯಾಕ್'. ಅದು 1840ರ ಮೇ 6ರಿಂದ ಬಳಕೆಗೆ ಬಂತು. ಆರೂವರೆ ಕೋಟಿಗೂ ಹೆಚ್ಚು ಪ್ರತಿಗಳನ್ನು ಮುದ್ರಿಸಿದ್ದರು. ಹೀಗಾಗಿ ಅದು ಎಲ್ಲರೂ ತಿಳಿದಿರುವಷ್ಟು ಅಪರೂಪವಲ್ಲ. ಆದರೆ ಅದೇ ಚೀಟಿ ಲಕೋಟೆಯ ಮೇಲೇ ಉಳಿದು, ಮೊಹರಿನಲ್ಲಿ ಮೇ 6 ಎಂದು ಇದ್ದರೆ? ಅಂಥವು ಕೆಲವೇ ಕೆಲವು. ಚೀಟಿ ಅದೇ, ಕಾಗದ ಅದೇ, ಶಾಯಿ ಅದೇ. ಬೇರೆಯಾದದ್ದು ಸಾಕ್ಷ್ಯ ಮಾತ್ರ.

ಏಷ್ಯಾದ ಮೊದಲ ಅಂಟು ಅಂಚೆಚೀಟಿ ನಮ್ಮ ಉಪಖಂಡದ್ದೇ. 1852ರ ಜುಲೈ 1ರಂದು ಸಿಂಧ್ ಪ್ರಾಂತದಲ್ಲಿ ಹೊರಬಂದ 'ಸಿಂಧ್ ಡಾಕ್'. ಅರ್ಧ ಆಣೆಯ ಆ ಗುಂಡು ಚೀಟಿಗಳಲ್ಲಿ ಕೆಂಪು ಬಣ್ಣದ್ದು ಅರಗಿನಂತೆ ಗಡುಸಾಗಿ, ಮುಟ್ಟಿದರೆ ಸಿಡಿಯುತ್ತಿತ್ತು. ಅದಕ್ಕೇ ಅದು ಇಂದು ತೀರಾ ವಿರಳ. ವಸ್ತುವಿನ ಗುಣವೇ ಅದನ್ನು ಅಪರೂಪ ಮಾಡಿತು ಎನ್ನಬಹುದು. ಮೈಸೂರು ಸಂಸ್ಥಾನದಲ್ಲಿ ಅದಕ್ಕೂ ಬಹಳ ಹಿಂದೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಅಂಚೆ' ವ್ಯವಸ್ಥೆ ಆರಂಭವಾಗಿತ್ತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಂದಿಗೆ ಸೇರಿಹೋಯಿತು. ನಾವು ಇಂದಿಗೂ ಬಳಸುವ ಅಂಚೆ ಎಂಬ ಮಾತಿನ ಹಿಂದೆ ಆ ಇತಿಹಾಸವಿದೆ.

ಸ್ವತಂತ್ರ ಭಾರತದ ಮೊದಲ ಚೀಟಿಗಳು

ಸ್ವತಂತ್ರ ಭಾರತದ ಮೊದಲ ಚೀಟಿ 1947ರ ನವೆಂಬರ್ 21ರಂದು ಬಂತು. 3½ ಆಣೆಯ ಅದರಲ್ಲಿ ರಾಷ್ಟ್ರಧ್ವಜವೂ 'ಜೈ ಹಿಂದ್' ಎಂಬ ಬರಹವೂ ಇತ್ತು. ಡಿಸೆಂಬರ್ 15ರಂದು ಇನ್ನೆರಡು ಬಂದವು. 1½ ಆಣೆಯದರಲ್ಲಿ ಅಶೋಕ ಸ್ತಂಭದ ಸಿಂಹಗಳು, 12 ಆಣೆಯದರಲ್ಲಿ ವಿಮಾನ. ದಕ್ಷಿಣ ಬೆಂಗಳೂರಿನ ಮಕ್ಕಳಿಗೆ ಈ ಸಿಂಹಗಳು ಪರಿಚಿತವೇ. ಜಯನಗರದ ಅಶೋಕ ಪಿಲ್ಲರ್ ಬಳಿ ಬಸ್ಸಿನಲ್ಲಿ ಹಾದುಹೋಗುವಾಗ ತಲೆಯೆತ್ತಿ ನೋಡಿ.

ಆ ಕಂಬ ಅಲ್ಲಿ ಏಕಿದೆ ಗೊತ್ತೇ? 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಹಾಕಿದ ನೆನಪಿಗಾಗಿ. ಅಡಿಗಲ್ಲು ಹಾಕಿದವರು ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ. ಈ ಹೆಸರನ್ನು ನೆನಪಿಡಿ, ಮತ್ತೆ ಬರುತ್ತದೆ.

1948ರ ಆಗಸ್ಟ್ 15. ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವ. ಗಾಂಧೀಜಿ ಅದೇ ವರ್ಷದ ಜನವರಿಯಲ್ಲಿ ಹತ್ಯೆಯಾಗಿದ್ದರು. ಅವರ ನೆನಪಿಗೆ ನಾಲ್ಕು ಚೀಟಿಗಳನ್ನು ಬಿಡುಗಡೆ ಮಾಡಿದರು. 1½ ಆಣೆ, 3½ ಆಣೆ, 12 ಆಣೆ ಮತ್ತು 10 ರೂಪಾಯಿ. ಸ್ವಿಟ್ಜರ್ಲೆಂಡಿನ ಕುರ್ವಾಸಿಯೇ ಎಂಬ ಮುದ್ರಣಾಲಯದಲ್ಲಿ 'ಫೋಟೊಗ್ರಾವ್ಯೂರ್' ಎಂಬ ವಿಧಾನದಿಂದ ಅವನ್ನು ಮುದ್ರಿಸಿದ್ದರು. ಈ ವಿಧಾನದಲ್ಲಿ ಛಾಯಾಚಿತ್ರವನ್ನು ತಾಮ್ರದ ಮೈಮೇಲೆ ಅತಿಸಣ್ಣ ಗುಳಿಗಳಾಗಿ ಕೊರೆಯುತ್ತಾರೆ. ಗುಳಿ ಆಳವಿದ್ದಲ್ಲಿ ಶಾಯಿ ಹೆಚ್ಚು ನಿಂತು ಬಣ್ಣ ಗಾಢವಾಗುತ್ತದೆ, ಆಳ ಕಡಿಮೆಯಿದ್ದಲ್ಲಿ ತೆಳುವಾಗುತ್ತದೆ. ಅದರಿಂದಲೇ ಗಾಂಧೀಜಿಯವರ ಕೆನ್ನೆಯ ನೆರಳು ಅಷ್ಟು ನಯವಾಗಿ ಕಾಣುತ್ತದೆ. ಚೀಟಿಗಳ ಮೇಲೆ 'ಬಾಪೂ' ಎಂದು ಹಿಂದಿ ಮತ್ತು ಉರ್ದುವಿನಲ್ಲಿ ಬರೆದಿದೆ.

ಒಂದು ಸಣ್ಣ ಲೆಕ್ಕ ಮಾಡಿ. ಒಂದು ರೂಪಾಯಿಗೆ 16 ಆಣೆ. ಮೊದಲ ಮೂರು ಚೀಟಿ ಸೇರಿ 17 ಆಣೆ, ಅಂದರೆ 1 ರೂಪಾಯಿ 1 ಆಣೆ. ನಾಲ್ಕನೆಯದೂ ಸೇರಿದರೆ 11 ರೂಪಾಯಿ 1 ಆಣೆ! ಒಳನಾಡಿನ ಪತ್ರಕ್ಕೆ 1½ ಆಣೆ ಸಾಕಾಗುತ್ತಿದ್ದ ಕಾಲ ಅದು. 10 ರೂಪಾಯಿಯ ಚೀಟಿಯನ್ನು ಕೊಂಡು ಲಕೋಟೆಗೆ ಅಂಟಿಸುವ ಶಕ್ತಿ ಎಷ್ಟು ಮನೆಗಳಿಗಿತ್ತು? ನಮ್ಮ ತಾತನ ಲಕೋಟೆಯಲ್ಲಿ ಮೂರೇ ಚೀಟಿ ಇದ್ದದ್ದೇಕೆ ಎಂದು ಈಗ ನಿಮಗೂ ಅರ್ಥವಾಗಿರಬಹುದು. ನಾಲ್ಕೂ ಚೀಟಿಗಳಿರುವ ಮೊದಲ ದಿನದ ಲಕೋಟೆಗಳನ್ನು ಸಂಗ್ರಹಕಾರರು ಹುಡುಕುವುದೂ ಇದಕ್ಕೇ.

ಇನ್ನೊಂದು ಸಂಗತಿ ಇದೆ. ಈ ಸರಣಿಯ ಚೀಟಿಗಳ ಮೇಲೆ 'ಸರ್ವಿಸ್' ಎಂಬ ಪದವನ್ನು ಮತ್ತೆ ಅಚ್ಚೊತ್ತಿ ಗವರ್ನರ್ ಜನರಲ್ ಅವರ ಕಚೇರಿಯ ಬಳಕೆಗೆ ಕೊಟ್ಟರು. ಹಾಗೆ ಅಚ್ಚೊತ್ತಿದ 10 ರೂಪಾಯಿಯ ಚೀಟಿಗಳು ಕೇವಲ 100. ಭಾರತದ ಅತ್ಯಂತ ಬೆಲೆಬಾಳುವ ಚೀಟಿಗಳಲ್ಲಿ ಇವೂ ಸೇರಿವೆ. 2017ರಲ್ಲಿ ಇಂಥ ನಾಲ್ಕು ಚೀಟಿಗಳ ಒಂದು ಪಟ್ಟಿ ಬ್ರಿಟನ್ನಿನಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಆಗ ಗವರ್ನರ್ ಜನರಲ್ ಆಗಿದ್ದವರು ಯಾರು? ಜಯನಗರಕ್ಕೆ ಅಡಿಗಲ್ಲು ಹಾಕಿದ ಅದೇ ರಾಜಗೋಪಾಲಾಚಾರಿ.

ಅಸಲಿಯೋ ನಕಲಿಯೋ?

ಬೆಲೆ ಇರುವ ಕಡೆ ಮೋಸವೂ ಇರುತ್ತದೆ. ಹಳೆಯ ಚೀಟಿಯನ್ನು ಹಳೆಯ ಲಕೋಟೆಗೆ ಅಂಟಿಸಿ ಸುಳ್ಳು ಮೊಹರು ಹಾಕುವವರು ಇದ್ದಾರೆ. ಆಗ ಸಂಗ್ರಹಕಾರರು ಪತ್ತೇದಾರರಂತೆ ಕೆಲಸ ಮಾಡುತ್ತಾರೆ. ನೀವೂ ಒಮ್ಮೆ ಪ್ರಯತ್ನಿಸಿ.

ಯಾರೋ ಒಬ್ಬರು ನಿಮಗೆ ಒಂದು ಲಕೋಟೆ ತೋರಿಸಿ, "ಇದು 1948ರ ಆಗಸ್ಟ್ 15ರ ಮೊದಲ ದಿನದ ಲಕೋಟೆ" ಎನ್ನುತ್ತಾರೆ ಎಂದುಕೊಳ್ಳಿ. ಗಾಂಧಿ ಚೀಟಿ ಅಸಲಿಯೇ. ವಿಳಾಸ ಹೀಗಿದೆ: 'ಜಯನಗರ, ಬೆಂಗಳೂರು 560011, ಕರ್ನಾಟಕ'. ಮುಂದೆ ಓದುವ ಮೊದಲು ಎಷ್ಟು ತಪ್ಪುಗಳಿವೆ ಎಂದು ಯೋಚಿಸಿ.

ಆರು ಅಂಕಿಗಳ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾದದ್ದು 1973ರ ನವೆಂಬರ್ 1ರಂದು. ಇನ್ನು ಜಯನಗರ? ಅಡಿಗಲ್ಲು ಬಿದ್ದದ್ದೇ 1948ರಲ್ಲಿ. ಅಷ್ಟರೊಳಗೆ ಅಲ್ಲಿ ಮನೆ ಕಟ್ಟಿ, ಅಂಚೆಯವರು ಬಾಗಿಲಿಗೆ ಪತ್ರ ತಂದುಕೊಡಲು ಸಾಧ್ಯವೇ? ಅದೇ ಲಕೋಟೆಯಲ್ಲಿ ಬಸವನಗುಡಿ ಎಂದೋ ಚಾಮರಾಜಪೇಟೆ ಎಂದೋ ಇದ್ದರೆ ನಂಬಬಹುದಿತ್ತು, ಆ ಬಡಾವಣೆಗಳು ಹತ್ತೊಂಬತ್ತನೇ ಶತಮಾನದ ಕೊನೆಯವು. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳೆಲ್ಲ ಜಯನಗರಕ್ಕಿಂತ ಈಚಿನವು. ಚೀಟಿಯ ಮೇಲೆ 'ನಯೇ ಪೈಸೆ' ಎಂದಿದ್ದರೆ ಅದು 1957ರ ಏಪ್ರಿಲ್ 1ರ ನಂತರದ್ದು ಎಂದೂ ನೆನಪಿಡಿ. ದಶಮಾಂಶ ನಾಣ್ಯ ಪದ್ಧತಿ ಬಂದದ್ದು ಅಂದು.

ವಾರವನ್ನೂ ಪರೀಕ್ಷಿಸಬಹುದು. 1947ರ ಆಗಸ್ಟ್ 15 ಶುಕ್ರವಾರ. 1948 ಅಧಿಕ ವರ್ಷ. ಹಾಗಾದರೆ ನಡುವೆ 366 ದಿನ. 366ನ್ನು 7ರಿಂದ ಭಾಗಿಸಿದರೆ ಶೇಷ 2. ಶುಕ್ರವಾರದಿಂದ ಎರಡು ದಿನ ಮುಂದಕ್ಕೆ ಹೋಗಿ: ಭಾನುವಾರ. ಒಳಗಿನ ಪತ್ರದಲ್ಲಿ 'ಇಂದು ಸೋಮವಾರ' ಎಂದು ಬರೆದಿದ್ದರೆ ಅನುಮಾನ ಪಡಿ. ಭಾನುವಾರ ಅಂಚೆ ಕಚೇರಿಗೆ ರಜೆಯಲ್ಲವೇ ಎಂದು ಕೇಳುತ್ತೀರಾ? ಒಳ್ಳೆಯ ಪ್ರಶ್ನೆ. ಆದರೆ ಆ ದಿನದ ಮೊಹರಿರುವ ಲಕೋಟೆಗಳು ಇಂದಿಗೂ ಸಂಗ್ರಹಕಾರರ ಬಳಿ ಇವೆ.

ನೋಡಿ, ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಚೀಟಿಯ ಮೇಲಲ್ಲ, ಲಕೋಟೆಯ ಮೇಲೆ ನಡೆಯುತ್ತವೆ. ನಾನು ಒಲೆಗೆ ಹಾಕಿದ್ದು ಅದನ್ನೇ.

ಮೊಹರಿನ ಚೂರಿನಿಂದ ಊರು ಹುಡುಕಿದ್ದು

ತಾತನ ಮೂರು ಚೀಟಿಗಳು ಇಂದೂ ನನ್ನ ಬಳಿ ಇವೆ. ಎರಡರ ಮೇಲೆ ಶಾಯಿ ಹರಡಿ ಏನೂ ಓದಲಾಗದು. ನೇರಳೆ ಬಣ್ಣದ 3½ ಆಣೆಯ ಚೀಟಿಯ ಮೇಲೆ ಮಾತ್ರ ಮೊಹರಿನ ಒಂದು ಭಾಗ ಸ್ಪಷ್ಟವಾಗಿದೆ. ದುಂಡು ಮೊಹರು. ನಡುವೆ ಇಂಗ್ಲಿಷಿನಲ್ಲಿ '15 ಆಗ್' ಎಂದು ಓದಬಹುದು. ವರ್ಷ ಅದರ ಕೆಳಗಿನ ಸಾಲಿನಲ್ಲಿ ಇದ್ದಿರಬೇಕು. ಆ ಸಾಲು ಚೀಟಿಯ ಅಂಚು ದಾಟಿ ಲಕೋಟೆಯ ಮೇಲೆ ಬಿದ್ದಿತ್ತು. ಊರಿನ ಹೆಸರಿನ ಎಡಭಾಗ ಮಾಸಿಹೋಗಿದೆ. ಬಲಭಾಗದಲ್ಲಿ ಕೊನೆಯ ಮೂರು ಇಂಗ್ಲಿಷ್ ಅಕ್ಷರಗಳಿವೆ: ಓ, ಆರ್, ಇ.

ಯಾವ ಊರು? ತಾತ ಆ ಕಾಲದಲ್ಲಿ ಕೆಲಸದ ಮೇಲೆ ಬೆಂಗಳೂರು, ಮೈಸೂರು ಎರಡೂ ಕಡೆ ಓಡಾಡುತ್ತಿದ್ದರು. ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ 'ಬ್ಯಾಂಗಲೋರ್' ಮತ್ತು 'ಮೈಸೋರ್' ಎರಡೂ ಈ ಮೂರು ಅಕ್ಷರಗಳಿಂದಲೇ ಮುಗಿಯುತ್ತವೆ! ಬಹಳ ವರ್ಷ ನಾನು ಇಲ್ಲಿಗೇ ಕೈಚೆಲ್ಲಿದ್ದೆ. ಒಮ್ಮೆ ಬನಶಂಕರಿ ಕಡೆಯ ಶಾಲೆಯೊಂದರಲ್ಲಿ ಏಳನೇ ತರಗತಿಗೆ ವೃತ್ತದ ಪಾಠ ಮಾಡುವಾಗ ಥಟ್ಟನೆ ಹೊಳೆಯಿತು. ಕೈವಾರ, ಕೋನಮಾಪಕ ಇದ್ದರೆ ಸಾಕು, ಇದನ್ನು ಬಿಡಿಸಬಹುದು!

ಚೀಟಿಯ ಚಿತ್ರವನ್ನು ದೊಡ್ಡದಾಗಿ ಪ್ರತಿ ತೆಗೆಸಿ ಮಕ್ಕಳಿಗೆ ಕೊಟ್ಟೆ. ಮೊದಲ ಕೆಲಸ, ವೃತ್ತದ ಕೇಂದ್ರ ಕಂಡುಹಿಡಿಯುವುದು. ಇದನ್ನು ನೀವು ಒಂದು ಬಳೆಯಿಂದ ಅಭ್ಯಾಸ ಮಾಡಿ. ಕಾಗದದ ಮೇಲೆ ಬಳೆ ಇಟ್ಟು, ಪೂರ್ತಿ ಸುತ್ತದೆ ಕಾಲುಭಾಗದಷ್ಟು ಕಂಸ ಮಾತ್ರ ಎಳೆಯಿರಿ. ಬಳೆಯನ್ನು ತೆಗೆದಿಡಿ. ಈಗ ಕಂಸದ ಮೇಲೆ ಮೂರು ಬಿಂದು ಗುರುತಿಸಿ, ಮೊದಲನೆಯದನ್ನು ಎರಡನೆಯದಕ್ಕೂ ಎರಡನೆಯದನ್ನು ಮೂರನೆಯದಕ್ಕೂ ಸರಳರೇಖೆಯಿಂದ ಸೇರಿಸಿ. ಇವು ಎರಡು ಜ್ಯಾಗಳು. ಪ್ರತಿಯೊಂದಕ್ಕೂ ಲಂಬಾರ್ಧಕ ಎಳೆಯಿರಿ. ಎರಡು ಲಂಬಾರ್ಧಕಗಳು ಕೂಡುವ ಬಿಂದುವೇ ಕೇಂದ್ರ. ಅಲ್ಲಿ ಕೈವಾರದ ಮುಳ್ಳು ಇಟ್ಟು ಸುತ್ತಿದರೆ ಇಡೀ ಬಳೆ ಕಾಗದದ ಮೇಲೆ ಮೂಡುತ್ತದೆ. ಬಳೆಯನ್ನು ಮತ್ತೆ ಅದರ ಮೇಲಿಟ್ಟು ತಾಳೆ ನೋಡಿ. ಸರಿಬರದಿದ್ದರೆ ಬಿಂದುಗಳನ್ನು ಇನ್ನಷ್ಟು ದೂರ ದೂರ ಗುರುತಿಸಿ ಮತ್ತೆ ಮಾಡಿ. ಬಿಂದುಗಳು ಹತ್ತಿರವಿದ್ದಷ್ಟೂ ಸಣ್ಣ ತಪ್ಪು ದೊಡ್ಡದಾಗುತ್ತದೆ.

ಮೊಹರಿನ ಕೇಂದ್ರ ಸಿಕ್ಕಿತು. ಎರಡನೆಯ ಕೆಲಸ, ಮೊಹರಿನ ನೆತ್ತಿ ಎಲ್ಲಿ ಎಂದು ತಿಳಿಯುವುದು. '15 ಆಗ್' ಎಂಬ ಸಾಲು ಅಡ್ಡಲಾಗಿರುತ್ತದೆ. ಕೇಂದ್ರದಿಂದ ಅದಕ್ಕೆ ಲಂಬವಾಗಿ ಮೇಲಕ್ಕೆ ಎಳೆದ ರೇಖೆ ವೃತ್ತವನ್ನು ಮುಟ್ಟುವ ಜಾಗವೇ ನೆತ್ತಿ. ಊರಿನ ಹೆಸರನ್ನು ಸಾಮಾನ್ಯವಾಗಿ ನೆತ್ತಿಯ ಎರಡೂ ಕಡೆ ಸಮನಾಗಿ ಹಂಚಿ ಕೆತ್ತುತ್ತಾರೆ.

ಮೂರನೆಯ ಕೆಲಸ ಕೋನ ಅಳೆಯುವುದು. ಕೇಂದ್ರದಿಂದ ಒಂದೊಂದು ಅಕ್ಷರದ ನಡುವಿಗೆ ರೇಖೆ ಎಳೆದು ನೋಡಿದೆವು. ಅಕ್ಕಪಕ್ಕದ ಅಕ್ಷರಗಳ ನಡುವಿನ ಕೋನ ಸುಮಾರು 15 ಡಿಗ್ರಿ. ನೆತ್ತಿಯಿಂದ ಕೊನೆಯ 'ಇ' ಅಕ್ಷರಕ್ಕೆ ಇರುವ ಕೋನ? ಒಬ್ಬ ಹುಡುಗನಿಗೆ 57 ಬಂತು, ಒಬ್ಬಳಿಗೆ 61 ಬಂತು. ಹೆಚ್ಚಿನವರಿಗೆ 58, 59.

ಈಗ ಲೆಕ್ಕ. 'ಮೈಸೋರ್' ಇಂಗ್ಲಿಷಿನಲ್ಲಿ ಆರು ಅಕ್ಷರ. ಆರು ಅಕ್ಷರಗಳ ನಡುವೆ ಐದು ಅಂತರ. ಐದು ಹದಿನೈದು 75. ಅದರ ಅರ್ಧ ಮೂವತ್ತೇಳೂವರೆ. ಅಂದರೆ 'ಇ' ಅಕ್ಷರ ನೆತ್ತಿಯಿಂದ 37½ ಡಿಗ್ರಿಯಲ್ಲಿ ಇರಬೇಕಿತ್ತು. 'ಬ್ಯಾಂಗಲೋರ್' ಒಂಬತ್ತು ಅಕ್ಷರ, ಎಂಟು ಅಂತರ, 120 ಡಿಗ್ರಿ. ಅರ್ಧ 60. ನಮಗೆ ಬಂದದ್ದು 60ರ ಆಸುಪಾಸು! ತರಗತಿಯಲ್ಲಿ ಚಪ್ಪಾಳೆ ಬಿತ್ತು. ನನ್ನ ಗಂಟಲು ಕಟ್ಟಿತ್ತು, ಬೋರ್ಡಿನ ಕಡೆ ತಿರುಗಿ ನಿಂತೆ.

ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಒಂದು ದನಿ: "ಮಿಸ್, ಮ್ಯಾಂಗಲೋರ್‌ಗೂ ಒಂಬತ್ತೇ ಅಕ್ಷರ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ಅವಳು ಹೇಳಿದ್ದು ಪೂರ್ತಿ ಸರಿ. ಮಂಗಳೂರಿನ ಹಳೆಯ ಇಂಗ್ಲಿಷ್ ಹೆಸರೂ ಅದೇ ಮೂರು ಅಕ್ಷರಗಳಿಂದ ಮುಗಿಯುತ್ತದೆ. ಮೊದಲ ಅಕ್ಷರ ಮಾತ್ರ ಬೇರೆ, ಅದೇ ಮಾಸಿಹೋಗಿದೆ. ತಾತ ಮಂಗಳೂರಿಗೆ ಹೋಗಿದ್ದರು ಎಂದು ಮನೆಯಲ್ಲಿ ಯಾರೂ ಹೇಳಿಲ್ಲ. ಆದರೆ ಅದು ಮನೆಯವರ ನೆನಪು, ಚೀಟಿ ಕೊಡುವ ಸಾಕ್ಷ್ಯವಲ್ಲ. ಈ ಅಳತೆಯಿಂದ ಮೈಸೂರನ್ನು ತಳ್ಳಿಹಾಕಬಹುದು, ಬೆಂಗಳೂರನ್ನು ಸಾಧಿಸಲಾಗದು. ವರ್ಷದ ವಿಷಯ ಇನ್ನೂ ಕಷ್ಟ. 1949ರ ಆಗಸ್ಟ್ 15ರಂದು ಅದೇ ಚೀಟಿಗಳನ್ನು ಅಂಟಿಸಿ ಅಂಚೆಗೆ ಹಾಕಿದ್ದರೂ ಮೊಹರಿನ ಈ ಭಾಗ ಹೀಗೇ ಕಾಣುತ್ತಿತ್ತು.

ಲಕೋಟೆ ಇದ್ದಿದ್ದರೆ ಎರಡನ್ನೂ ಒಂದೇ ನೋಟದಲ್ಲಿ ಓದಬಹುದಿತ್ತು.

ಕಾಗದಕ್ಕೆ ವಯಸ್ಸಾಗುವುದು ಹೇಗೆ?

ಎಪ್ಪತ್ತು ಎಂಬತ್ತು ವರ್ಷದ ಲಕೋಟೆಯನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಕಾಗದದ ಮುಖ್ಯ ವಸ್ತು ಸೆಲ್ಯುಲೋಸ್. ಅದು ಸರಪಳಿಯಂತೆ ಉದ್ದನೆಯ ಅಣು. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ವಸ್ತುವೂ ಉಳಿದಿರುತ್ತದೆ. ಬೆಳಕು ಮತ್ತು ಗಾಳಿಯ ಆಮ್ಲಜನಕ ತಾಗಿದಾಗ ಲಿಗ್ನಿನ್ ಹಳದಿಯಾಗುತ್ತದೆ. ಕಾಗದದಲ್ಲಿ ಆಮ್ಲದ ಅಂಶವಿದ್ದರೆ ಸೆಲ್ಯುಲೋಸ್ ಸರಪಳಿಗಳು ತುಂಡಾಗುತ್ತಾ ಹೋಗಿ ಕಾಗದ ಹಪ್ಪಳದಂತೆ ಮುರಿಯುತ್ತದೆ.

ಮಾಡಿ ನೋಡಿ: ದಿನಪತ್ರಿಕೆಯ ಒಂದು ಚೂರು ಮತ್ತು ನೋಟ್‌ಬುಕ್ಕಿನ ಒಂದು ಬಿಳಿ ಹಾಳೆಯ ಚೂರು ತೆಗೆದುಕೊಳ್ಳಿ. ಎರಡರ ಅರ್ಧಭಾಗವನ್ನೂ ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ವಾರ ಇಡಿ. ನಂತರ ರಟ್ಟು ತೆಗೆದು ಮುಚ್ಚಿದ ಭಾಗವನ್ನೂ ತೆರೆದ ಭಾಗವನ್ನೂ ಹೋಲಿಸಿ. ಯಾವ ಕಾಗದ ಹೆಚ್ಚು ಹಳದಿಯಾಯಿತು? ಪಟ್ಟಿ ಬರೆದಿಡಿ. ನಿಮ್ಮ ಸಂಗ್ರಹವನ್ನು ಬಿಸಿಲಿಗೆ ಇಡಬಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಚೀಟಿಯ ಹಿಂಬದಿಯ ಅಂಟಿನ ಕಥೆ ಬೇರೆ. ಹಳೆಯ ಚೀಟಿಗಳಿಗೆ ಜಾಲಿ ಜಾತಿಯ ಮರದ ಗೋಂದು ಅಥವಾ ಪಿಷ್ಟದಿಂದ ಮಾಡಿದ ಡೆಕ್ಸ್ಟ್ರಿನ್ ಬಳಸುತ್ತಿದ್ದರು. ಇವು ಗಾಳಿಯ ತೇವ ಹೀರುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಗೋಡೆಗಳು ಹೇಗೆ ತಂಪು ಹಿಡಿಯುತ್ತವೆ ಎಂದು ನಿಮಗೆ ಗೊತ್ತು. ಆಗ ಚೀಟಿಗಳು ತಾವಾಗಿ ಅಂಟಿಕೊಳ್ಳುತ್ತವೆ, ಬೂಷ್ಟು ಬರುತ್ತದೆ. ಪಿಷ್ಟವೆಂದರೆ ಪುಸ್ತಕ ತಿನ್ನುವ ಬೆಳ್ಳಿಬಣ್ಣದ ಹುಳುವಿಗೂ ಪ್ರೀತಿ. ಸೆಲೊಟೇಪಂತೂ ಬೇಡವೇ ಬೇಡ. ಅದರ ಅಂಟು ವರ್ಷಗಳು ಕಳೆದಂತೆ ಕಾಗದದೊಳಗೆ ಇಳಿದು ಅಳಿಸಲಾಗದ ಕಂದು ಕಲೆ ಬಿಡುತ್ತದೆ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ. ಕೈಬೆರಳಿನ ಎಣ್ಣೆ ತಾಗದಂತೆ ಚಿಮುಟದಿಂದ ಹಿಡಿಯಿರಿ. ಲಕೋಟೆಗಳನ್ನು ಒಂದೊಂದಾಗಿ ಒಳ್ಳೆಯ ಬಿಳಿ ಕಾಗದದ ಮಡಿಕೆಯಲ್ಲಿಟ್ಟು, ಮರದ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟರೆ ಸಾಕು.

ಒಂದನ್ನು ಮಾತ್ರ ಉಳಿಸಿಕೊಳ್ಳುವುದು ಕಷ್ಟ: ಪರಿಮಳ. ಅಂಚೆ ಇಲಾಖೆ 2006ರಲ್ಲಿ ಶ್ರೀಗಂಧದ ಪರಿಮಳದ ಚೀಟಿಯನ್ನು, 2017ರಲ್ಲಿ ಕಾಫಿ ಪರಿಮಳದ ಚೀಟಿಯನ್ನು ಹೊರತಂದಿತು. ಕಾಫಿಯದು ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ. ಇಂಥ ಮುದ್ರಣಕ್ಕೆ ಸಾಮಾನ್ಯವಾಗಿ ಸುಗಂಧವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಲ್ಲಿ ತುಂಬಿ ಶಾಯಿಯೊಂದಿಗೆ ಬೆರೆಸುತ್ತಾರೆ. ಉಜ್ಜಿದಾಗ ಗುಳಿಗೆ ಒಡೆದು ವಾಸನೆ ಬರುತ್ತದೆ. ಒಡೆದ ಗುಳಿಗೆ ಮತ್ತೆ ಕೂಡುವುದಿಲ್ಲ. ಸಿಕ್ಕವರೆಲ್ಲ ಉಜ್ಜಿ ಮೂಸಿದರೆ ಮುಗಿಯಿತು.

ನಿಮ್ಮದೇ ಲಕೋಟೆ

1948ರ ಲಕೋಟೆ ಕೊಳ್ಳಲು ನನ್ನ ಸಂಬಳವೂ ಸಾಲದು. ಆದರೆ ಇಂದಿನ ಮೊದಲ ದಿನ ಮುಂದೊಂದು ದಿನ ಹಳೆಯದಾಗಲೇಬೇಕಲ್ಲ! ವಿಧಾನಸೌಧದ ಹತ್ತಿರವಿರುವ ಬೆಂಗಳೂರು ಜಿಪಿಒದಲ್ಲಿ ಅಂಚೆಚೀಟಿ ಸಂಗ್ರಹಕಾರರಿಗಾಗಿಯೇ ಒಂದು ವಿಭಾಗವಿದೆ. ಬನಶಂಕರಿ, ಜಯನಗರದ ಮಕ್ಕಳು ಮೆಟ್ರೊ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ನೇರಳೆ ಮಾರ್ಗದಲ್ಲಿ ವಿಧಾನಸೌಧಕ್ಕೆ ಹೋಗಬಹುದು. ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮುಂದಿನ ಹೊಸ ಚೀಟಿ ಯಾವ ದಿನ ಬರುತ್ತದೆ ಎಂದು ಕೇಳಿ. ಆ ದಿನ ಒಂದು ಚೀಟಿ ಕೊಂಡು, ನಿಮ್ಮ ವಿಳಾಸ ಬರೆದ ಲಕೋಟೆಗೆ ಅಂಟಿಸಿ ಮೊಹರು ಹಾಕಿಸಿ. ಮೊಹರು ಅರ್ಧ ಚೀಟಿಯ ಮೇಲೆ, ಅರ್ಧ ಲಕೋಟೆಯ ಮೇಲೆ ಬೀಳಲಿ ಎಂದು ವಿನಯದಿಂದ ಕೇಳಿಕೊಳ್ಳಿ.

ಶಾಲೆಯಲ್ಲಿ ಸಂಗ್ರಹಕಾರರ ಕ್ಲಬ್ ಮಾಡಿಕೊಂಡರೆ ಇನ್ನೊಂದು ಅನುಕೂಲವಿದೆ. ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಅಂಚೆ ಇಲಾಖೆ 2017ರಲ್ಲಿ 'ದೀನ್ ದಯಾಳ್ ಸ್ಪರ್ಶ್' ಎಂಬ ವಿದ್ಯಾರ್ಥಿವೇತನ ಆರಂಭಿಸಿತು, ವರ್ಷಕ್ಕೆ 6,000 ರೂಪಾಯಿ. ಈ ವರ್ಷ ಅರ್ಜಿ ಯಾವಾಗ ಎಂದು ನಿಮ್ಮ ಶಿಕ್ಷಕರ ಮೂಲಕ ವಿಚಾರಿಸಿ.

ಕೈಯಲ್ಲಿ ಅಳತೆಪಟ್ಟಿ ಇದ್ದರೆ ಇನ್ನೊಂದು ಕೆಲಸವನ್ನೂ ಮಾಡಬಹುದು. ಚೀಟಿಯ ಅಂಚಿನಲ್ಲಿ 2 ಸೆಂಟಿಮೀಟರಿನಲ್ಲಿ ಎಷ್ಟು ತೂತುಗಳಿವೆ ಎಂದು ಎಣಿಸಿ. ಜಗತ್ತಿನಾದ್ಯಂತ ಸಂಗ್ರಹಕಾರರು ಅಂಚನ್ನು ಅಳೆಯುವುದು ಹೀಗೆಯೇ. 1948ರ ಗಾಂಧಿ ಚೀಟಿಗಳದು 11½. ನಿಮ್ಮ ಮನೆಗೆ ಬಂದ ಪತ್ರದ ಚೀಟಿಯದು ಎಷ್ಟು? ಪೆನ್ನಿ ಬ್ಲ್ಯಾಕ್‌ಗೆ ಇದನ್ನು ಅಳೆಯಹೊರಟರೆ ಸೊನ್ನೆ ಬರುತ್ತದೆ. ಆಗ ತೂತು ಹೊಡೆಯುವ ಯಂತ್ರವೇ ಇರಲಿಲ್ಲ, ಕತ್ತರಿಯಿಂದ ಕತ್ತರಿಸಬೇಕಿತ್ತು.

ಹಳೆಯ ಪತ್ರಗಳು ಮನೆಯಲ್ಲಿ ಸಿಕ್ಕರೆ ಮೊದಲು ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಹೇಳಿದ್ದನ್ನು ಬೇರೆ ಹಾಳೆಯಲ್ಲಿ ಬರೆದು ಲಕೋಟೆಯ ಜೊತೆ ಇಡಿ. ಲಕೋಟೆಯ ಮೇಲೆ ಬರೆಯಬೇಡಿ. ನೀರಿನ ಬೋಗುಣಿಯನ್ನು ದೂರವಿಡಿ.

ತಾತನ ಮೂರು ಚೀಟಿಗಳ ಜೊತೆ ನಾನೂ ಒಂದು ಹಾಳೆ ಇಟ್ಟಿದ್ದೇನೆ. ಅದರಲ್ಲಿ ಹೀಗೆ ಬರೆದಿದೆ: "ಗಾಂಧಿ ಸರಣಿ, 1½, 3½, 12 ಆಣೆ. ದಿನ: ಆಗಸ್ಟ್ 15. ವರ್ಷ: ತಿಳಿಯದು. ಊರು: ಬೆಂಗಳೂರು ಅಥವಾ ಮಂಗಳೂರು, ಮೈಸೂರು ಅಲ್ಲ, ಏಳನೇ ತರಗತಿಯವರ ಅಳತೆ. ಲಕೋಟೆ: 1993ರಲ್ಲಿ ಒಲೆಗೆ ಹಾಕಿದ್ದು, ನಾನು."